ಮನೆ ಬಿಟ್ಟವರ ಪಾದ್ರಿ

*ಕಡಲು ದಾಟಿ ಬಂದು 24 ವರ್ಷ ಕನ್ನಡ ನಾಡಿನಲ್ಲಿದ್ದ ಹರ್ಮನ್ ಮೋಗ್ಲಿಂಗ್ ಅವರನ್ನು ಪ್ರತಿ ಜುಲೈ 1ರಂದು ನೆನೆಯುತ್ತೇವೆ. ಪತ್ರಿಕೆಯ ಆಚೆಗೂ ಅವರದೊಂದು ಲೆಕ್ಕವಿದೆ.*

1844ರ ಜನವರಿ 6. ಮಂಗಳೂರಿನ ಪೇಟೆಯಲ್ಲಿ ಅಂದು ಬೇರೆ ಮಾತಿಲ್ಲ. ಸಾರಸ್ವತ ಬ್ರಾಹ್ಮಣರ ಮನೆಯ ಮೂವರು ಹುಡುಗರು ಬಾಸೆಲ್ ಮಿಶನ್ನಿನ ಪಾದ್ರಿಗಳ ಕೈಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದರು. ಊರು ಕುದಿಯತೊಡಗಿತು. ಮಿಶನ್ನಿನ ಶಾಲೆಗೆ ಇಂಗ್ಲಿಷ್ ಕಲಿಯಲೆಂದು ಕಳಿಸಿದ ಮಕ್ಕಳು ಹೀಗೆ ಕೈತಪ್ಪಿ ಹೋದಾರೆಂದು ಯಾರೂ ಎಣಿಸಿರಲಿಲ್ಲ.

ಮೂವರಲ್ಲಿ ಒಬ್ಬನ ಹೆಸರು ಆನಂದರಾವ್ ಕೌಂಡಿನ್ಯ. ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮದುವೆಯಾಗಿತ್ತು.

ಮತಾಂತರವೆಂದರೆ ಇವತ್ತು ನಾವು ನಂಬಿಕೆಯ ಮಾತಾಡುತ್ತೇವೆ. ಆ ಕಾಲದ ಮಂಗಳೂರಿಗೆ ಅದು ಊಟದ ಪಂಕ್ತಿಯ ಪ್ರಶ್ನೆ. ಯಾರು ಬೇಯಿಸಿದ್ದನ್ನು ಉಂಡ? ಯಾರ ಪಕ್ಕ ಕೂತು ಉಂಡ? ಮಗ ಏಸುವಿನ ಮಾತು ಮೆಚ್ಚಿದ ಎಂದರೆ ತಾಯಿ ನಾಲ್ಕು ದಿನ ಕಣ್ಣೀರು ಹಾಕಿ ಸುಮ್ಮನಾಗಬಹುದಿತ್ತು. ಪಾದ್ರಿಯ ಮನೆಯಲ್ಲಿ ಉಂಡ ಎಂದಾದರೆ ಅಡುಗೆಮನೆಯ ಬಾಗಿಲೇ ಮುಚ್ಚಿಹೋಗುತ್ತಿತ್ತು. ಒಂದು ತುತ್ತಿನೊಂದಿಗೆ ಮನೆ, ಮಡದಿ, ಆಸ್ತಿ, ಸತ್ತ ಮೇಲೆ ಹೊರುವ ಹೆಗಲು, ಎಲ್ಲವೂ ಹೋಗುತ್ತಿದ್ದವು.

ಆ ಹುಡುಗನಿಗೆ ದೀಕ್ಷೆಯಲ್ಲಿ ಸಿಕ್ಕ ಹೊಸ ಹೆಸರು ಹರ್ಮನ್. ಅದು ಅವನ ಗುರುವಿನ ಹೆಸರು. ಗುರು ಹೆಸರು ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ಮಗನೆಂದು ದತ್ತು ಪಡೆದರು.

ಆ ಗುರುವೇ ಹರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಸಂಪಾದಕ.

ಹೊರದೇಶದಿಂದ ಬಂದ ಪಾದ್ರಿಗಳ ಕಥೆಯನ್ನು ನಾವು ಎರಡು ಬಗೆಯಾಗಿ ಹೇಳುತ್ತ ಬಂದಿದ್ದೇವೆ. ಎಷ್ಟು ಜನರನ್ನು ಸಭೆಗೆ ಸೇರಿಸಿದರು ಎಂಬುದು ಒಂದು. ಮೆಚ್ಚುವವರೂ ಬೈಯುವವರೂ ಈ ಎಣಿಕೆಯಿಂದಲೇ ಶುರುಮಾಡುತ್ತಾರೆ. ಕನ್ನಡಕ್ಕೆ ಏನು ಕೊಟ್ಟರು ಎಂಬುದು ಎರಡನೆಯದು. ನಿಘಂಟು, ಪತ್ರಿಕೆ, ಅಚ್ಚುಕೂಟ ಎಂದು ಪಟ್ಟಿ ಕೊಟ್ಟು ಕೈಮುಗಿಯುತ್ತೇವೆ. ಮೋಗ್ಲಿಂಗ್ ಅವರ ಬದುಕನ್ನು ಓದುತ್ತ ಹೋದರೆ ಮೂರನೆಯ ಲೆಕ್ಕವೊಂದು ಕಾಣುತ್ತದೆ. ಒಬ್ಬನಿಂದ ಮನೆ ಬಿಡಿಸಿದ ಮೇಲೆ ಅವನಿಗೆ ಮನೆ ಕಟ್ಟಿಕೊಡುವ ಹೊಣೆ ಯಾರದು? ಈ ಪ್ರಶ್ನೆ 24 ವರ್ಷ ಅವರ ಬೆನ್ನು ಬಿಡಲಿಲ್ಲ. ಅವರೂ ಅದರಿಂದ ತಲೆ ತಪ್ಪಿಸಿಕೊಳ್ಳಲಿಲ್ಲ.

ಕಡಲಾಚೆಯಿಂದ

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಓದಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ, ದೇವಶಾಸ್ತ್ರ. ಅಲ್ಲಿನ ಗೆಳೆಯರಲ್ಲಿ ಒಬ್ಬರು ಹರ್ಮನ್ ಗುಂಡರ್ಟ್. ಮುಂದೆ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಕ್ಕೆ ನಿಘಂಟು ಕೊಟ್ಟವರು, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯ ತಂದೆ. ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದ ಇಬ್ಬರು ಹರ್ಮನ್‌ಗಳಲ್ಲಿ ಒಬ್ಬರು ಕನ್ನಡದ ಪಾಲಿಗೆ, ಇನ್ನೊಬ್ಬರು ಮಲಯಾಳದ ಪಾಲಿಗೆ ಬಂದರು.

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದಲ್ಲಿ ಮಿಶನ್ ಶುರುವಾದದ್ದು 1815ರಲ್ಲಿ. ಆದರೆ ಈಸ್ಟ್ ಇಂಡಿಯಾ ಕಂಪನಿಯ ನೆಲದಲ್ಲಿ ಇಂಗ್ಲಿಷರಲ್ಲದ ಪಾದ್ರಿಗಳಿಗೆ ನೆಲೆ ಸಿಗುವುದು ಸುಲಭವಿರಲಿಲ್ಲ. 1833ರ ಸನದಿನಲ್ಲಿ ಆ ತಡೆ ಸರಿಯಿತು. ಮರುವರ್ಷವೇ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರಿಗೆ ಬಂದರು. ಅವರ ಹಿಂದೆ, 1836ರಲ್ಲಿ ಹೊರಟ ತಂಡದಲ್ಲಿ ಮೋಗ್ಲಿಂಗ್ ಇದ್ದರು. ಸೂಯೆಜ್ ಕಾಲುವೆಗೆ ಇನ್ನೂ ಮೂವತ್ತಮೂರು ವರ್ಷ ಕಾಯಬೇಕಿತ್ತು. ಹಡಗು ಆಫ್ರಿಕಾದ ತುದಿ ಸುತ್ತಿ ಬರಬೇಕು, ಬಂದು ತಲುಪಲು ತಿಂಗಳುಗಟ್ಟಲೆ ಹಿಡಿಯಬೇಕು. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಕೇಳಿದ ಪ್ರಶ್ನೆಯೇ ಮರೆತುಹೋಗಬೇಕು. ಇಪ್ಪತ್ತೈದರ ಹರೆಯದಲ್ಲಿ ಹೀಗೆ ಹೊರಟವನೂ ಮನೆ ಬಿಟ್ಟವನೇ. ಒಂದು ವ್ಯತ್ಯಾಸವಿತ್ತು: ಅವನಿಗೆ ಹಿಂದಿರುಗಲು ಒಂದು ಮನೆ ಉಳಿದಿತ್ತು.

ಬಂದ ಊರಿನ ಹದವೂ ತಣ್ಣಗಿರಲಿಲ್ಲ. 1837ರ ಏಪ್ರಿಲ್‌ನಲ್ಲಿ ಕೊಡಗು, ಸುಳ್ಯದ ಕಡೆಯಿಂದ ಕಂಪನಿಯ ವಿರುದ್ಧ ಎದ್ದು ಇಳಿದು ಬಂದ ಕಲ್ಯಾಣಪ್ಪನ ದಂಡು ಮಂಗಳೂರನ್ನು ಕೆಲವು ದಿನ ಕೈವಶ ಮಾಡಿಕೊಂಡಿತು. ಕಂಪನಿಯ ಅಧಿಕಾರಿಗಳು ದೋಣಿ ಹತ್ತಿ ಕಣ್ಣೂರಿಗೆ ಓಡಿದರು. ಬಿಳಿ ತೊಗಲಿನವನನ್ನು ಕಂಡರೆ ‘ಇವನೂ ಕಂಪನಿಯವನೇ’ ಎಂದು ಜನ ಅಂದುಕೊಂಡ ಕಾಲ. ಜರ್ಮನ್ ಬೇರೆ, ಇಂಗ್ಲಿಷ್ ಬೇರೆ ಎಂದು ಬಂದರಿನ ಹಮಾಲನಿಗೆ ವಿವರಿಸಿ ಹೇಳುವವರು ಯಾರು?

ಮೇಲಿಂದ ಭಾಷೆಯ ಗೋಜಲು. ಮಂಗಳೂರಿನ ಬೀದಿಯಲ್ಲಿ ತುಳು, ಸಾರಸ್ವತರ ಮತ್ತು ಕೆಥೊಲಿಕರ ಮನೆಗಳಲ್ಲಿ ಕೊಂಕಣಿ, ಶಾಲೆಗೂ ಕಚೇರಿಗೂ ಕನ್ನಡ, ಸಾಹೇಬನೆದುರು ಇಂಗ್ಲಿಷ್. ದೇವರ ಮಾತನ್ನು ಯಾವ ಮಾತಿನಲ್ಲಿ ಹೇಳುವುದು? ಗ್ರೈನರ್, ಅಮ್ಮನ್ ಮುಂತಾದವರು ತುಳುವಿನ ಬೆನ್ನು ಹತ್ತಿದರು. ಮೋಗ್ಲಿಂಗ್ ಕನ್ನಡ ಹಿಡಿದರು.

ಕೇಳಿದ್ದೆಲ್ಲ ಒಪ್ಪಿದ್ದಲ್ಲ

ಹೊಸ ಪಾದ್ರಿಗೆ ಮೊದಲ ದೊಡ್ಡ ಪಾಠ ಕಲಿಸಿದ್ದು ಕರಾವಳಿಯಲ್ಲ, ಘಟ್ಟದ ಮೇಲಿನ ಹುಬ್ಬಳ್ಳಿ-ಧಾರವಾಡದ ಸೀಮೆ. 1830ರ ದಶಕದ ಕೊನೆಯಲ್ಲಿ ಮಿಶನ್ ಅಲ್ಲಿಗೂ ಕಾಲು ಚಾಚಿತ್ತು. ಆಗ ಒಂದು ವಿಚಿತ್ರ ನಡೆಯಿತು. ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಲಿಂಗಾಯತರ ಒಂದು ಗುಂಪು ತಾವಾಗಿಯೇ ಪಾದ್ರಿಗಳನ್ನು ಹುಡುಕಿಕೊಂಡು ಬಂತು. ಪರದೇಶದಿಂದ ಬರುವವರು ಹೊಸ ಕಾಲವನ್ನು ತರುತ್ತಾರೆಂಬ ಸೂಚನೆ ತಮ್ಮ ಹಳೆಯ ಬರಹಗಳಲ್ಲೇ ಇದೆಯೆಂದು ಅವರ ನಂಬಿಕೆ.

ಪಾದ್ರಿಗಳ ಎದೆಬಡಿತ ಹೇಗೆ ಏರಿರಬಹುದು! ಸಾವಿರಾರು ಮಂದಿ ಒಮ್ಮೆಗೇ ಬಂದು ಸೇರುತ್ತಾರೆಂಬ ಕನಸು ಬಾಸೆಲಿನ ತನಕ ಹೋಯಿತು. ಹೀಗೆ ಬಂದವರಿಗೆ ಉಳುಮೆ ಬೇಕು, ನೆಲೆ ಬೇಕು ಎಂದು ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ 1841ರಲ್ಲಿ ಬೇಸಾಯದ ಒಂದು ನೆಲೆಯನ್ನೇ ಶುರುಮಾಡಿದರು. ಹೊಲ ಸಿದ್ಧವಾಯಿತು. ಜನ ಮಾತ್ರ ಬರಲಿಲ್ಲ. ಹತ್ತು ವರ್ಷ ತುಂಬುವ ಹೊತ್ತಿಗೆ ಆ ಕನಸು ಕರಗಿತ್ತು.

ಆ ಸೀಮೆಯ ಯಾವ ಹಿರಿಯನನ್ನು ಕೇಳಿದ್ದರೂ ಮೊದಲೇ ಹೇಳಿಬಿಡುತ್ತಿದ್ದ. ಜಂಗಮ ಬರಲಿ, ಫಕೀರ ಬರಲಿ, ಬಯಲಾಟದ ಮೇಳ ಬರಲಿ, ಕಟ್ಟೆಯ ಮೇಲೆ ಕೂರಿಸಿ ಕೇಳುವುದು ಅಲ್ಲಿನ ರೂಢಿ. ಹೌದ್ಹೌದು ಎನ್ನುವುದು, ತಲೆದೂಗುವುದು, ಹೊರಡುವಾಗ ಜೋಳಿಗೆಗೆ ಏನಾದರೂ ಹಾಕುವುದು, ಇವೆಲ್ಲ ಬಂದವರಿಗೆ ಸಲ್ಲುವ ಮರ್ಯಾದೆ. ಕೇಳಿದ್ದೆಲ್ಲ ಒಪ್ಪಿದ್ದಲ್ಲ. ಕಾಲಜ್ಞಾನದವರು ಪಾದ್ರಿಯ ಮಾತನ್ನು ತಮ್ಮ ಕಥೆಯೊಳಗೆ ಸೇರಿಸಿಕೊಳ್ಳಲು ಬಂದಿದ್ದರು, ಪಾದ್ರಿಗಳು ಅವರನ್ನು ತಮ್ಮ ಕಥೆಯೊಳಗೆ ಎಳೆದುಕೊಳ್ಳಲು ನೋಡಿದರು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಬೇರೆ ಬೇರೆ ಕನಸು ಕಂಡರು.

ಆ ಸೀಮೆಯಿಂದ ಮಂಗಳೂರಿಗೆ ಮರಳಿದ ಮೋಗ್ಲಿಂಗ್ ಶಾಲೆಯತ್ತ ತಿರುಗಿದರು. ಹುಡುಗರನ್ನು ಕೂಡಿಸಿ ಓದಿಸುವುದು, ಉಪದೇಶಿಗಳನ್ನು ತಯಾರು ಮಾಡುವುದು ಅವರ ಕೆಲಸವಾಯಿತು. ಬಂಗಲೆಯಲ್ಲಿ ಪಾದ್ರಿ, ಹಿತ್ತಿಲಿನಲ್ಲಿ ಹುಡುಗರು ಎಂಬ ಏರ್ಪಾಡು ಅವರಿಗೆ ಒಗ್ಗಲಿಲ್ಲ. ವಿದ್ಯಾರ್ಥಿಗಳ ಜೊತೆ ಒಂದೇ ಮನೆಯವರಂತೆ ಬದುಕುವ ಪ್ರಯೋಗಕ್ಕೆ ಇಳಿದರು. ಮಿಶನ್ನಿನ ಹಿರಿಯರಿಗೆ ಇವರ ದಾರಿ ಯಾವಾಗಲೂ ಹಿಡಿಸುತ್ತಿರಲಿಲ್ಲ. ಆದರೆ ಮಲ್ಲಸಮುದ್ರ ಕಲಿಸಿದ್ದು ಇದನ್ನೇ. ಬಾರದವರಿಗಾಗಿ ಹೊಲ ಉತ್ತು ಕಾಯುವುದಕ್ಕಿಂತ, ಬಂದಿರುವ ನಾಲ್ಕು ಮಂದಿಯ ಜೊತೆ ಬದುಕುವುದು ಮೇಲು.

ಕಲ್ಲಿನ ಮೇಲೆ ಬರೆದ ಸುದ್ದಿ

ಅಷ್ಟರಲ್ಲಿ ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಒಂದು ಕಲ್ಲಚ್ಚಿನ ಯಂತ್ರ ಬಂದು ಕೂತಿತ್ತು. ವರ್ಷ 1841.

ಕಲ್ಲಚ್ಚು ಎಂದರೇನೆಂದು ಇಂದಿನ ಪತ್ರಕರ್ತರಿಗೇ ಗೊತ್ತಿರಲಿಕ್ಕಿಲ್ಲ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿ. ಅದರ ಮೇಲೆ ಜಿಡ್ಡಿನ ಮಸಿಯಲ್ಲಿ ಬರಹ. ನೇರ ಬರೆದರೆ ಕಾಗದದಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಅದಕ್ಕಾಗಿ ಮೊದಲು ಬೇರೊಂದು ಕಾಗದದಲ್ಲಿ ಬರೆದು, ಅದನ್ನು ಕಲ್ಲಿಗೆ ಒತ್ತಿ ಅಕ್ಷರ ಇಳಿಸುವ ಉಪಾಯವಿತ್ತು. ಆಮೇಲೆ ಕಲ್ಲಿಗೆ ನೀರು ಸವರಬೇಕು. ಬರಿ ಕಲ್ಲು ನೀರು ಕುಡಿಯುತ್ತದೆ, ಜಿಡ್ಡಿನ ಅಕ್ಷರ ನೀರನ್ನು ದೂಡುತ್ತದೆ. ಮೇಲೆ ಮಸಿಯ ಉರುಳೆ ಎಳೆದರೆ ನೀರಿದ್ದಲ್ಲಿ ಮಸಿ ಕೂರದು, ಜಿಡ್ಡಿದ್ದಲ್ಲಿ ಕೂರುತ್ತದೆ. ಕಾಗದ ಹಾಸಿ ಒತ್ತಿದರೆ ಆಯಿತು. ಎಣ್ಣೆಗೂ ನೀರಿಗೂ ಇರುವ ಹಗೆತನವೇ ಅಚ್ಚಿನ ಗುಟ್ಟು.

ಈ ಪದ್ಧತಿಯ ಒಂದು ಲಾಭವೆಂದರೆ ಸೀಸದ ಅಚ್ಚುಮೊಳೆಗಳು ಬೇಕಿಲ್ಲ. ಒತ್ತು, ದೀರ್ಘ, ಕೊಂಬು, ವಟ್ರಸುಳಿ ಎಂದು ನೂರೆಂಟು ಮೊಳೆ ಎರಕ ಹೊಯ್ಯುವ ಗೋಳಿಲ್ಲ. ಕೈಬರಹ ಚೆನ್ನಾಗಿರುವ ಒಬ್ಬ ಬರೆದರೆ ಸಾಕು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಹೀಗೆ, ಒಬ್ಬ ಮನುಷ್ಯನ ಕೈಬರಹವಾಗಿ.

1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಬಂತು. ಪಾಕ್ಷಿಕ. ನಾಲ್ಕು ಪುಟ. ಬೆಲೆ ಒಂದು ದುಡ್ಡು. ಊರ ಸುದ್ದಿ, ಕಂಪನಿ ಸರಕಾರದ ಕಾನೂನು, ಹೊರನಾಡಿನ ವರ್ತಮಾನ, ನೀತಿಕಥೆ, ಗಾದೆ, ಹಾಡು. ಊರಿನಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಹಾರಿ ಮಾಯವಾಗುವ ಗಾಳಿಸುದ್ದಿಯ ಬದಲು ಖಚಿತವಾದ ಸಮಾಚಾರ ಕೊಡುವುದು ಪತ್ರಿಕೆಯ ಉದ್ದೇಶವಾಗಿತ್ತು. ಪಾದ್ರಿಯ ಕೈಯ ಪತ್ರಿಕೆಯಾದ್ದರಿಂದ ಧರ್ಮಬೋಧೆಯೂ ಇತ್ತು. ಆದರೆ ಅದು ಬರಿಯ ಬೋಧೆಯಾಗಿದ್ದರೆ ಕರ್ನಾಟಕ ಇಂದು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಿರಲಿಲ್ಲ.

ಮಂಗಳೂರಿನಲ್ಲಿ ಒಂದು ವರ್ಷವೂ ತುಂಬಲಿಲ್ಲ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಅಚ್ಚುಮೊಳೆಯಲ್ಲಿ ಅಚ್ಚಾಗತೊಡಗಿತು. ಅಲ್ಲಿ ಲಂಡನ್ ಮಿಶನ್ನಿನವರ ಅಚ್ಚುಕೂಟವಿತ್ತು, ಕನ್ನಡ ಓದುವವರೂ ಹೆಚ್ಚು. ಹೆಚ್ಚು ಕಾಲ ಬಾಳಲಿಲ್ಲ. ಒಂದನ್ನು ಗಮನಿಸಬೇಕು. ಪತ್ರಿಕೆಯ ಮಂಗಳೂರು ಬಾಳ್ವೆಯ ಕೊನೆಯ ತಿಂಗಳುಗಳಲ್ಲೇ ಆ ಮೂವರು ಹುಡುಗರ ದೀಕ್ಷಾಸ್ನಾನವಾದದ್ದು, ಊರು ಕೆರಳಿದ್ದು. ಸುದ್ದಿ ಬರೆಯುವವನೇ ಊರಿನ ಸುದ್ದಿಯಾಗಿಬಿಟ್ಟಿದ್ದ.

ಎದುರು ದಿಕ್ಕಿನ ಹಡಗು

1846ರಲ್ಲಿ ಮೋಗ್ಲಿಂಗ್ ಯುರೋಪಿಗೆ ಹೊರಟಾಗ ಜೊತೆಯಲ್ಲಿ ಆನಂದರಾವ್ ಇದ್ದ. ಕಡಲು ದಾಟಿದರೆ ಜಾತಿ ಕೆಡುತ್ತದೆಂಬ ಮಾತು ಅವನನ್ನು ತಡೆಯುವಂತಿರಲಿಲ್ಲ. ಕೆಡಲು ಏನೂ ಉಳಿದಿರಲಿಲ್ಲ. ಹೆಂಡತಿ ಅವನ ಹಿಂದೆ ಬರಲಿಲ್ಲ.

ಐದು ವರ್ಷ ಬಾಸೆಲಿನಲ್ಲಿ ಓದು. ಆನಂದರಾವ್ ಅಲ್ಲಿದ್ದಾಗಲೇ, 1848ರಲ್ಲಿ, ಯುರೋಪಿನ ತುಂಬ ಕ್ರಾಂತಿಯ ಗಾಳಿ ಎದ್ದಿತು. ಬಾಸೆಲಿನ ಗಡಿಗೆ ಹೊಂದಿಕೊಂಡಿರುವ ಬಾಡನ್ ಸೀಮೆಯಲ್ಲಿ ಅರಸನ ವಿರುದ್ಧ ದಂಗೆಯೇ ಆಯಿತು. ಮಂಗಳೂರಿನಲ್ಲಿ ಹಿರಿಯರ ಮಾತು ಮೀರಿದ್ದಕ್ಕೆ ಊರು ಎದ್ದು ನಿಂತದ್ದನ್ನು ಕಂಡಿದ್ದ ಹುಡುಗ, ಇಲ್ಲಿ ಊರೂರೇ ಹಿರಿಯರ ವಿರುದ್ಧ ಎದ್ದಿದ್ದನ್ನು ಕಂಡ.

1851ರಲ್ಲಿ ಜರ್ಮನಿಯ ಲಿಯೊನ್‌ಬರ್ಗ್ ಪಟ್ಟಣದಲ್ಲಿ ಅವನಿಗೆ ಪಾದ್ರಿ ದೀಕ್ಷೆಯಾಯಿತು. ಬಾಸೆಲ್ ಮಿಶನ್ ಭಾರತೀಯನೊಬ್ಬನನ್ನು ಪೂರ್ಣ ಪ್ರಮಾಣದ ಮಿಶನರಿಯನ್ನಾಗಿ ಕಳಿಸಿದ್ದು ಅದೇ ಮೊದಲು. ಕಳಿಸಿದ್ದು ಎಲ್ಲಿಗೆ? ಅವನದೇ ಊರಿಗೆ. ಇದಕ್ಕೆ ನಗಬೇಕೋ ಮರುಗಬೇಕೋ ತಿಳಿಯದು. ಹುಟ್ಟಿದ ಊರಿಗೆ ಅವನು ಹೊರದೇಶದ ಮಿಶನರಿಯಾಗಿ ಮರಳಿದ. ಇಲ್ಲಿನವರ ಕಣ್ಣಲ್ಲಿ ಜರ್ಮನರ ಕಡೆಯವನು. ಜರ್ಮನರ ಪಾಲಿಗೆ ಅವರ ಸಭೆಯ ಹೆಮ್ಮೆ. ಅಲ್ಲಿನವರು ಓದಲೆಂದು ತನ್ನ ಬದುಕಿನ ಕಥೆಯನ್ನು ತಾನೇ ಹೇಳಿಕೊಂಡಿದ್ದ ಕಿರುಹೊತ್ತಿಗೆಯೊಂದು ಜರ್ಮನ್ ಭಾಷೆಯಲ್ಲಿ ಬಂತು.

ಕೌಂಡಿನ್ಯರು (ಪಾದ್ರಿಯಾದ ಮೇಲೆ ಹಾಗೆನ್ನುವುದೇ ಸರಿ) ಮಂಗಳೂರಿನಲ್ಲಿ ಉಪದೇಶಿಗಳಿಗೆ ಪಾಠ ಹೇಳುತ್ತ ಬಾಳಿದರು. 1860ರಲ್ಲಿ ಜರ್ಮನ್ ಹೆಣ್ಣುಮಗಳೊಬ್ಬಳನ್ನು ಮದುವೆಯಾದರು. 1893ರಲ್ಲಿ ತೀರಿಕೊಂಡರು.

ದಾಸರ ಪದ, ಪಾದ್ರಿಯ ಅಚ್ಚು

ಯುರೋಪಿನಿಂದ ಮರಳಿ ಬಂದ ಮೇಲಿನ ಮೋಗ್ಲಿಂಗ್ ಅವರ ಮುಖ್ಯ ಕೆಲಸ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ. 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಹಳೆಯ ಕನ್ನಡ ಕೃತಿಗಳು ಬಲ್ಮಠದ ಕಲ್ಲಚ್ಚಿನಿಂದ ಒಂದರ ಹಿಂದೆ ಒಂದು ಹೊರಬಿದ್ದವು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚೆನ್ನಬಸವಪುರಾಣ, ಒಂದು ಯಕ್ಷಗಾನ ಪ್ರಸಂಗ, ದಾಸರ ಪದಗಳು. ಇದರ ಜೊತೆಗೆ ಮೂರು ಸಾವಿರಕ್ಕೂ ಮೀರಿದ ಗಾದೆಗಳ ಸಂಗ್ರಹ. ನೀಲಗಿರಿಯ ಕೇಟಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣದ ಬೆಂಬಲ ಕೊಟ್ಟರು. ಗೆಳೆಯ ಗಾಟ್‌ಫ್ರೀಡ್ ವೈಗಲ್ ಜೊತೆಗಿದ್ದರು.

ಪಾದ್ರಿಗೆ ಹರಿದಾಸರ ಹಾಡಿನ ಹಂಗೇಕೆ? ಇದಕ್ಕೆ ಸಿಹಿಯಾದ ಉತ್ತರ ಕೊಟ್ಟು ಮುಗಿಸುವಂತಿಲ್ಲ. ‘ಜಾತಿ ವಿಚಾರಣೆ’, ‘ದೇವ ವಿಚಾರಣೆ’ ಎಂಬ ಹೊತ್ತಿಗೆಗಳನ್ನು ಬರೆದು ಇಲ್ಲಿನ ನಂಬಿಕೆಗಳನ್ನು ಕಟುವಾಗಿ ಜರೆದವರೂ ಇದೇ ಮೋಗ್ಲಿಂಗ್. ಜನರ ಒಳಗನ್ನು ತಿಳಿಯದೆ ಅವರೊಡನೆ ವಾದಿಸುವುದು ಹೇಗೆ? ಆ ಕಾರಣವೂ ಇತ್ತು. ಹೊಸದಾಗಿ ಬರುವ ಪಾದ್ರಿಗಳಿಗೆ ಒಳ್ಳೆಯ ಕನ್ನಡ ಕಲಿಸಬೇಕು ಎಂಬುದೂ ಇತ್ತು. ಆದರೆ ಈ ಉತ್ತರಗಳು ಎಲ್ಲವನ್ನೂ ಹೇಳುವುದಿಲ್ಲ. ಎದುರಾಳಿಯ ಶಾಸ್ತ್ರ ತಿಳಿಯಲು ಪುರಾಣ ಅಚ್ಚು ಹಾಕಬಹುದು. ಕೀರ್ತನೆಯನ್ನು ಜರ್ಮನ್ ಪದ್ಯಕ್ಕೆ ತಿರುಗಿಸಲು ಬೇರೆಯದೇ ಸೆಳೆತ ಬೇಕು. ಮೋಗ್ಲಿಂಗ್ ಅದನ್ನೂ ಮಾಡಿದರು. ಅವರು ತಿರುಗಿಸಿದ ದಾಸರ ಪದಗಳು ಜರ್ಮನಿಯ ಪೌರ್ವಾತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟವಾದವು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕನ್ನಡದ ಕೆಲಸಕ್ಕಾಗಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೂವತ್ತೆಂಟು ವರ್ಷಗಳ ಬಳಿಕ, 1896ರಲ್ಲಿ, ಅದೇ ವಿಶ್ವವಿದ್ಯಾಲಯ ಕಿಟ್ಟೆಲ್ ಅವರನ್ನು ಹಾಗೆಯೇ ಗೌರವಿಸಿತು. 1894ರ ಕಿಟ್ಟೆಲ್ ನಿಘಂಟನ್ನು ಕೊಂಡಾಡುವಾಗ, ಆ ಕಟ್ಟಡಕ್ಕೆ ಮುಂಚಿತವಾಗಿಯೇ ಕಲ್ಲು ಹೊತ್ತು ಹಾಕಿದ್ದವರನ್ನು ಮರೆಯುತ್ತೇವೆ.

ಮಠದಲ್ಲೋ ಮನೆಯ ಅಟ್ಟದಲ್ಲೋ ಬಟ್ಟೆ ಸುತ್ತಿಟ್ಟ ಓಲೆಗರಿಯಿಂದ ಹೊರಬಂದು ಅಚ್ಚಿಗೇರಿದ ಹಾಡೂ ಒಂದು ಅರ್ಥದಲ್ಲಿ ಮನೆ ಬಿಟ್ಟದ್ದೇ. ಆ ಹಾಡಿಗೆ ಹೊಸ ಮನೆ ಸಿಕ್ಕಿತು. ಮನುಷ್ಯರ ಮಾತು ಅಷ್ಟು ಸುಲಭವಲ್ಲ.

ಆಲ್ಮಂಡದ ದಾರಿ

1852ರ ಕೊನೆಗೆ ಮೋಗ್ಲಿಂಗ್ ದಣಿದಿದ್ದರು. ವಯಸ್ಸು ನಲವತ್ತೊಂದು, ಆದರೆ ದೇಹ ಸೋತಿತ್ತು. ಊರಿಗೆ ಮರಳುವ ಮಾತು ನಡೆದಿತ್ತು. ಆಗ ಕೊಡಗಿನಿಂದ ಒಬ್ಬ ಮನುಷ್ಯ ಬಂದ. ಆಲ್ಮಂಡ ಮನೆತನದ ಸೋಮಯ್ಯ.

ಕೊಡಗು ಕಂಪನಿಯ ಕೈಸೇರಿ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಪದಚ್ಯುತ ಅರಸ ಚಿಕ್ಕವೀರರಾಜೇಂದ್ರ ಇಂಗ್ಲೆಂಡಿಗೆ ಹೋಗಿದ್ದ. ಅವನ ಮಗಳು ಗೌರಮ್ಮನಿಗೆ 1852ರಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ದೀಕ್ಷಾಸ್ನಾನವಾಗಿತ್ತು. ರಾಣಿಯೇ ಧರ್ಮಮಾತೆ. ರಾಜಕುಮಾರಿಗೆ ಅರಮನೆಯಲ್ಲಿ ಸಿಕ್ಕ ಅದೇ ದೀಕ್ಷೆ, ಕಾಡುದಾರಿಯಲ್ಲಿ ಘಟ್ಟ ಇಳಿದು ಬಂದ ಸೋಮಯ್ಯನಿಗೆ 1853ರ ಆರಂಭದಲ್ಲಿ ಮಂಗಳೂರಿನಲ್ಲಿ ಆಯಿತು. ಹೊಸ ಹೆಸರು ಸ್ಟೆಫಾನಸ್ ಸೋಮಯ್ಯ.

ಕೊಡವರಲ್ಲಿ ಮನುಷ್ಯನಿಗೆ ಬೆಲೆ ಒಕ್ಕದಿಂದ, ಎಂದರೆ ಮನೆತನದಿಂದ. ಐನ್‌ಮನೆ, ಅಲ್ಲಿನ ದೀಪ, ಕಾರಣವರು, ಕೈಮಡದ ಪೂಜೆ, ಜಮ್ಮದ ಗದ್ದೆ ಎಲ್ಲವೂ ಒಕ್ಕದ್ದು. ಒಕ್ಕದಿಂದ ಹೊರಗಾದವನಿಗೆ ಕೊಡಗಿನಲ್ಲಿ ನಿಲ್ಲಲು ನೆಲವಿಲ್ಲ. ದೀಕ್ಷೆ ಪಡೆದ ಸೋಮಯ್ಯನಿಗೆ ಆದದ್ದು ಅದೇ ಬಹಿಷ್ಕಾರ.

ಮೋಗ್ಲಿಂಗ್ ಎದುರು ಎರಡು ದಾರಿಗಳಿದ್ದವು. ಒಂದು ಬಂದರಿಗೆ, ಅಲ್ಲಿಂದ ಊರಿಗೆ. ಇನ್ನೊಂದು ಸೋಮಯ್ಯನ ಬೆನ್ನಿಗೆ ನಿಂತು ಘಟ್ಟ ಹತ್ತುವ ದಾರಿ. ಹಡಗು ಬಿಟ್ಟು ಅವರು ಘಟ್ಟ ಹತ್ತಿದರು. ಆಲ್ಮಂಡದಲ್ಲಿ ನೆಲೆ ನಿಂತರು. ಮಂಗಳೂರಿನಲ್ಲಿ ಮನೆ ಬಿಟ್ಟ ಹುಡುಗ ಪಾದ್ರಿಯ ಮನೆಗೆ ಬಂದಿದ್ದ. ಇಲ್ಲಿ ಪಾದ್ರಿಯೇ ಮನೆ ಕಳೆದುಕೊಳ್ಳಲಿದ್ದವನ ಅಂಗಳಕ್ಕೆ ಹೋದರು. ಅವರ ಇಡೀ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವ ಹೆಜ್ಜೆ ಇದು. ಮತ ಯಾವುದೇ ಇರಲಿ, ನನ್ನ ಮಾತು ನಂಬಿ ನೀನು ಕೆಟ್ಟೆ, ನಿನ್ನ ಕೇಡಿನಲ್ಲಿ ನಾನೂ ಪಾಲುದಾರ ಎನ್ನುವ ಧೈರ್ಯ ಎಷ್ಟು ಉಪದೇಶಕರಿಗಿದೆ?

ಕೊಡಗು ಅವರಿಂದ ಪುಸ್ತಕವನ್ನೂ ಬರೆಸಿತು. 1855ರಲ್ಲಿ ಇಂಗ್ಲಿಷ್‌ನಲ್ಲಿ ‘ಕೂರ್ಗ್ ಮೆಮೊಯರ್ಸ್’ ಬಂತು. ಕೊಡಗಿನ ಅರಸರ ಕಥೆ ಹೇಳುವ ‘ರಾಜೇಂದ್ರನಾಮೆ’ಯನ್ನು ಅಚ್ಚಿಗೆ ತಂದರು. ಗೆಳೆಯ ವೈಗಲ್ 1855ರಲ್ಲಿ ತೀರಿಕೊಂಡರು. ಬಳಿಕ ಆತನ ವಿಧವೆ ಪಾಲೀನಾರನ್ನು ಮೋಗ್ಲಿಂಗ್ ಮದುವೆಯಾದರು. ಮನೆ ಕಳೆದುಕೊಂಡವರನ್ನು ಕೂಡಿಸಿಕೊಳ್ಳುತ್ತ ಹೋದವರಿಗೆ 45ರ ಹೊತ್ತಿಗೆ ಸ್ವಂತ ಸಂಸಾರವಾಯಿತು.

ಒಂದು ತೋಟ, ಒಂದು ಹೆಂಚು

ಬ್ರಾಹ್ಮಣ ಹುಡುಗ, ಕೊಡವ ಗೃಹಸ್ಥ, ಇವರಿಗಾದರೂ ಕಳೆದುಕೊಳ್ಳಲು ಮನೆಯೆಂಬುದಿತ್ತು. ಕೊಡಗಿನ ಹೊಲೆಯರಿಗೆ ಅದೂ ಇರಲಿಲ್ಲ. ತಲೆಮಾರುಗಳಿಂದ ಒಡೆಯರ ಗದ್ದೆಗೆ ಕಟ್ಟಿಹಾಕಿದ ಆಳುಗಳು. 1843ರಲ್ಲೇ ಕಂಪನಿ ಸರಕಾರ ಗುಲಾಮಗಿರಿಯ ವಿರುದ್ಧ ಕಾಯಿದೆ ಮಾಡಿದ್ದರೂ ಗದ್ದೆಯ ಬದುವಿನ ಮೇಲೆ ಅದನ್ನು ಓದಿ ಹೇಳುವವರಿರಲಿಲ್ಲ. ಅವರಲ್ಲಿ ಕೆಲವರು ಮಿಶನ್ನಿಗೆ ಸೇರಿದಾಗ ಇದ್ದ ಗುಡಿಸಲೂ ಹೋಯಿತು, ಕೂಲಿಯೂ ಹೋಯಿತು.

ಅವರಿಗಾಗಿ ಭೂಮಿ ಹಿಡಿದು ಕಾಫಿ ಬೆಳೆಯುವ ಊರೊಂದನ್ನು ಕಟ್ಟುವುದರಲ್ಲಿ ಮುಂದೆ ನಿಂತವರು ಕೌಂಡಿನ್ಯರು. ಸಿದ್ದಾಪುರದ ಹತ್ತಿರದ ಆ ನೆಲೆಗೆ ಅವರ ಹೆಸರೇ ಬಿತ್ತು: ಆನಂದಪುರ. ಇವತ್ತಿಗೂ ಊರಿದೆ, ಇಗರ್ಜಿಯಿದೆ. ಹೊಲೆಯರ ನೆರಳು ತಾಗಿದರೆ ಮೈಲಿಗೆ ಎನ್ನುವ ಮನೆಯಲ್ಲಿ ಹುಟ್ಟಿದವರು, ಪಂಕ್ತಿ ತಪ್ಪಿದ್ದಕ್ಕೆ ಮನೆ ಕಳೆದುಕೊಂಡವರು, ಹೊಲೆಯರಿಗಾಗಿ ಮನೆಗಳ ಊರನ್ನೇ ಕಟ್ಟಿದರು. ಮಲ್ಲಸಮುದ್ರದಲ್ಲಿ ಹೊಲ ಮೊದಲು ಬಂದಿತ್ತು, ಜನ ಬರಲಿಲ್ಲ. ಇಲ್ಲಿ ಜನ ಮೊದಲು ಬಂದರು, ತೋಟ ಆಮೇಲೆ ಬಂತು.

ಕರಾವಳಿಯಲ್ಲೂ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಕಾಡುತ್ತಿತ್ತು. ಸಭೆಗೆ ಸೇರಿದವನು ಜಾತಿಯ ಕಸುಬು ಕಳೆದುಕೊಳ್ಳುತ್ತಿದ್ದ. ಹೊಟ್ಟೆಗೇನು? ಮಿಶನ್ ಮೊದಲು ಪುಸ್ತಕಕ್ಕೆ ರಟ್ಟು ಕಟ್ಟುವುದು, ಬಳಿಕ ನೇಯ್ಗೆ, ಹೀಗೆ ಒಂದೊಂದೇ ಕಸುಬು ಹುಡುಕಿತು. ಖಾಕಿ ಬಣ್ಣದ ಬಟ್ಟೆ ಮಂಗಳೂರಿನ ಆ ನೇಯ್ಗೆಶಾಲೆಯಲ್ಲೇ ಹುಟ್ಟಿತೆಂದು ಹೇಳುವವರಿದ್ದಾರೆ. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿ ಸೀಮೆಯ ಜೇಡಿಮಣ್ಣು, ಯುರೋಪಿನ ಅಚ್ಚು.

ನಮ್ಮ ಅಜ್ಜಿಯ ಮನೆಯ ಮಾಡಿಗೆ ಆ ಹೆಂಚೇ ಇತ್ತು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವಾಗ ನಾವು ಮಕ್ಕಳು ಕೆಳಗೆ ನಿಂತು ಒಂದೊಂದನ್ನೇ ಸಾಲಾಗಿ ಒರಗಿಸುತ್ತಿದ್ದೆವು. ಹಾವಸೆ ಕೆರೆದರೆ ಉಬ್ಬಿದ ಇಂಗ್ಲಿಷ್ ಅಕ್ಷರ ಬೆರಳಿಗೆ ತಾಗುತ್ತಿತ್ತು: ಬಾಸೆಲ್ ಮಿಶನ್, 1865. ಆ ಇಸವಿ ಕಾರ್ಖಾನೆಯದೆಂದು ಆಮೇಲೆ ತಿಳಿಯಿತು. ಆಗ ಅಜ್ಜಿಮನೆಗೇ ಅಷ್ಟು ವಯಸ್ಸೆಂದು ಬೀಗುತ್ತಿದ್ದೆವು. ಅಜ್ಜಿಯ ಅಡುಗೆಮನೆಗೆ ಮಡಿ ಇಲ್ಲದೆ ನಮ್ಮನ್ನೂ ಬಿಡುತ್ತಿರಲಿಲ್ಲ. ಆ ಅಡುಗೆಮನೆಯ ಮೇಲೆ ಮಳೆ ಬೀಳದಂತೆ ಕಾಯುತ್ತಿದ್ದದ್ದು, ಅಂಥದೇ ಅಡುಗೆಮನೆಗಳಿಂದ ಹೊರಗೆ ಬಿದ್ದವರ ಅನ್ನಕ್ಕೆಂದು ಶುರುವಾದ ಹೆಂಚು.

ಲೆಕ್ಕಕ್ಕೆ ಸಿಗದವಳು

1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಮೋಗ್ಲಿಂಗ್ ಜರ್ಮನಿಗೆ ಮರಳಿದರು. ಮತ್ತೆ ಇತ್ತ ಬರಲಾಗಲಿಲ್ಲ. ಅಲ್ಲಿಂದಲೇ ಕೊಡಗಿನ ಬಗ್ಗೆ ಜರ್ಮನ್‌ನಲ್ಲಿ ಪುಸ್ತಕ ಬರೆದರು, ಕನ್ನಡ ಕಾವ್ಯದ ಅನುವಾದ ಮುಂದುವರಿಸಿದರು. 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಬರೆದವರು ಟ್ಯೂಬಿಂಗನ್ನಿನ ಅದೇ ಗೆಳೆಯ, ಗುಂಡರ್ಟ್.

ಒಬ್ಬ ಪಾದ್ರಿಯ ಕಡಲ ಪಯಣದ ಲೆಕ್ಕ ಇಷ್ಟು. ದತ್ತುಮಗ, ಪತ್ರಿಕೆ, ಹಾಡಿನ ಪುಸ್ತಕ, ಆಲ್ಮಂಡದ ಹಾದಿ. ಮನೆ ಬಿಡಿಸಿದ್ದಕ್ಕೆ ಮನೆ ಕಟ್ಟಿಕೊಡಲು ಅವರೂ ಅವರ ಮಗನೂ ಕೈಲಾದಷ್ಟು ದುಡಿದರು.

ಆದರೆ ಆನಂದರಾವ್ ಮನೆ ಬಿಟ್ಟ ದಿನ ಆ ಮನೆಯಲ್ಲಿ ಒಬ್ಬಳು ಹುಡುಗಿ ಉಳಿದಳು. ಗಂಡ ಸತ್ತಿರಲಿಲ್ಲ, ಹಾಗಾಗಿ ವಿಧವೆಯಲ್ಲ. ಗಂಡ ಮನೆಗೆ ಸಲ್ಲುವಂತಿರಲಿಲ್ಲ, ಹಾಗಾಗಿ ಮುತ್ತೈದೆಯೂ ಅಲ್ಲ. ಅವನು ಬಾಸೆಲಿಗೆ ಹೋದ, ಪಾದ್ರಿಯಾಗಿ ಬಂದ, ಇನ್ನೊಂದು ಮದುವೆಯಾದ, ಅವನ ಹೆಸರಿನಲ್ಲಿ ಒಂದು ಊರೂ ಆಯಿತು. ಈ ಕಥೆ ಹೇಳುವವರೆಲ್ಲ ಅವಳನ್ನು ಒಂದೇ ವಾಕ್ಯದಲ್ಲಿ ದಾಟುತ್ತಾರೆ: ಹೆಂಡತಿ ಹಿಂದೆ ಬರಲಿಲ್ಲ. ನಾನೂ ಮೇಲೆ ಅಷ್ಟೇ ಬರೆದು ಮುಂದೆ ಹೋದೆ.

ಮನೆ ಬಿಟ್ಟವರಿಗೆ ಒಬ್ಬ ಪಾದ್ರಿ ಸಿಕ್ಕಿದ. ಮನೆಯೊಳಗೇ ಉಳಿದು ಮನೆ ಕಳೆದುಕೊಂಡವಳ ಬಳಿಗೆ ಊರೂ ಬರಲಿಲ್ಲ, ಪಾದ್ರಿಯೂ ಬರಲಿಲ್ಲ.